ಸೆಲ್ಫ್ ಮೋಟಾರ್ ಬದಲಿಸುವ ಮೊದಲು ಅರ್ತ್ ವೈರ್ ನೋಡಿ

ನೀವು ಕೇಳಿದ್ದು ಇಷ್ಟು: ಸೋಮವಾರಪೇಟೆ ಕಡೆ ತೋಟದ ಮನೆ, ಹತ್ತು ವರ್ಷದ ಪೆಟ್ರೋಲ್ ಕಾರು. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ‘ಗೊರ್... ಗೊರ್...’ ಅಂತ ಕಷ್ಟಪಟ್ಟು ಎರಡು ಸುತ್ತು ತಿರುಗಿ ನಿಂತುಬಿಡುತ್ತದೆ. ಬ್ಯಾಟರಿ ಹಾಕಿಸಿ ಮೂರೇ ತಿಂಗಳು. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಜೋರಾಗಿದೆ. ಸೆಲ್ಫ್ ಮೋಟಾರ್ ಹೋಗಿದೆ, ಬದಲಿಸಿ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬದಲಿಸಬೇಕಾ?

ಈಗಲೇ ಬೇಡ. ಅದು ಹೋಗಿರಬಹುದು, ಹೋಗಿಲ್ಲದೆಯೂ ಇರಬಹುದು. ಅಳೆದು ನೋಡದೆ ಹೇಳೋಕಾಗಲ್ಲ.

ನಾನೂ ಕೊಡಗಿನವನೇ, ನಾಪೋಕ್ಲು ಹತ್ತಿರದವನು. ಒಂದು ಮಳೆಗಾಲದಲ್ಲಿ ನನ್ನ ಕಾರಿಗೂ ಇದೇ ಕಾಯಿಲೆ ಬಂದಿತ್ತು. ಬ್ಯಾಟರಿ ಹಳೆಯದಾಗಿತ್ತು, ಸರಿ ಅಂತ ಹೊಸದು ಹಾಕಿಸಿದೆ. ಮೂರು ವಾರ ಚೆನ್ನಾಗಿತ್ತು, ಮತ್ತೆ ಗೊರ್ ಗೊರ್. ಸೆಲ್ಫ್ ಬಿಚ್ಚಿಸಿ ಒಳಗೆ ಸವೆಯುವ ಕಾರ್ಬನ್ ಬ್ರಷ್, ಬುಶ್ ಬದಲಿಸಿದ್ದಾಯಿತು. ಮತ್ತೆ ಅದೇ ಕಥೆ. ಅಷ್ಟರಲ್ಲಿ ಕಾರನ್ನು ಕಾಫಿ ಕಣದ ಪಕ್ಕದ ಇಳಿಜಾರಿನಲ್ಲೇ ನಿಲ್ಲಿಸೋದು ಅಭ್ಯಾಸವಾಗಿತ್ತು. ಬೆಳಿಗ್ಗೆ ಎರಡನೇ ಗೇರ್ ಹಾಕಿ ಕ್ಲಚ್ ಒತ್ತಿ ಉರುಳಿಸೋದು, ಸ್ವಲ್ಪ ವೇಗ ಬಂದ ಮೇಲೆ ಕ್ಲಚ್ ಬಿಡೋದು. ಕೊನೆಗೆ ವಿರಾಜಪೇಟೆಯ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ, ಏನೂ ಬಿಚ್ಚದೆ, ಜಂಪರ್ ಕೇಬಲ್‌ನ ಕಪ್ಪು ವೈರ್ ತೆಗೆದುಕೊಂಡರು. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಕಚ್ಚಿಸಿದರು. ‘ಹೊಡಿ’ ಅಂದರು. ಕೀ ತಿರುಗಿಸಿದ ಕೂಡಲೇ ಎಂಜಿನ್ ಎದ್ದುಕೊಂಡಿತು.

ಅರ್ತ್ ವೈರ್! ಸೆಲ್ಫ್ ಎಳೆದ ಕರೆಂಟ್ ಎಂಜಿನ್ನಿನಿಂದ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಪ್ಪ ವೈರ್ ಅದು. ಬ್ಯಾಟರಿ ತಟ್ಟೆಯ ಕೆಳಗೆ ಹಾದು ಗೇರ್ ಬಾಕ್ಸಿಗೆ ಬೋಲ್ಟ್ ಆಗಿತ್ತು. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ, ಕಪ್ಪು ಹೊದಿಕೆ ಹೊಸದರ ಹಾಗೇ ಇತ್ತು. ಅವರು ಬೋಲ್ಟ್ ಹತ್ತಿರ ಬ್ಲೇಡಿನಲ್ಲಿ ಹೊದಿಕೆ ಸೀಳಿದರು. ಒಳಗೆ ತಾಮ್ರ ಕಾಣಲಿಲ್ಲ, ಪಾಚಿ ಹಿಡಿದ ಹಾಗೆ ಹಸಿರು ಪುಡಿ. ಬೆರಳಲ್ಲಿ ಬಗ್ಗಿಸಿದರೆ ಎಳೆಗಳು ಒಣಗಿದ ಹುಲ್ಲಿನಂತೆ ಪಟಪಟ ಮುರಿದವು. ಗಟ್ಟಿಯಾಗಿ ಉಳಿದಿದ್ದು ಆರೇಳು ಎಳೆ. ನಮ್ಮ ಮಳೆ ಮತ್ತು ಕೆಸರಿಗೆ ಅದು ಹೆಚ್ಚೇನಲ್ಲ ಬಿಡಿ. ಹೊಸ ವೈರಿಗೆ ಬ್ಯಾಟರಿಯ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ.

ಹಾಗಾದರೆ ಹೆಡ್‌ಲೈಟ್ ಹೇಗೆ ಉರಿಯಿತು ಅಂತ ಕೇಳಬಹುದು. ಎರಡು ಬಲ್ಬು ಸೇರಿ ಎಳೆಯೋದು ಸುಮಾರು 10 ಆಂಪಿಯರ್. ಸೆಲ್ಫ್ ಎಳೆಯೋದು 150ರ ಆಸುಪಾಸು, ಡೀಸೆಲ್ ಆದರೆ ಇನ್ನೂ ಜಾಸ್ತಿ. ಹಾದಿಯಲ್ಲಿ ಬರೀ 0.01 ಓಮ್ ಅಡ್ಡಿ ಇದೆ ಅಂದುಕೊಳ್ಳಿ. ಬಲ್ಬಿಗೆ ಕಳೆದುಹೋಗೋದು 0.1 ವೋಲ್ಟ್, ಗೊತ್ತೇ ಆಗಲ್ಲ. ಸೆಲ್ಫಿಗೆ ಮಾತ್ರ 1.5 ವೋಲ್ಟ್ ದಾರಿಯಲ್ಲೇ ಖಾಲಿ. ಆದ್ದರಿಂದ ‘ಲೈಟ್ ಉರಿಯುತ್ತೆ, ಹಾರ್ನ್ ಬರುತ್ತೆ, ಹಾಗಾಗಿ ಕರೆಂಟ್ ಸರಿ ಇದೆ’ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಈಗ ನಿಮ್ಮ ಕಾರು. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ತನ್ನಿ, ಡಿಸಿ 20 ವೋಲ್ಟಿಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕೀ ತಿರುಗಿಸಲು ಮನೆಯವರೊಬ್ಬರು ಬೇಕು.

ರಾತ್ರಿಯಿಡೀ ನಿಂತ ಕಾರಿನಲ್ಲಿ, ಏನೂ ಆನ್ ಮಾಡದೆ, ಬ್ಯಾಟರಿ ಅಳೆಯಿರಿ. 12.6 ಬಂದರೆ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಉಳಿದ ಮಾತು. ಹೊಸ ಬ್ಯಾಟರಿಯೂ ಡೌನ್ ಆಗುತ್ತದೆ. ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್, ಮಳೆಗೆ ವೈಪರ್, ಮಂಜಿಗೆ ಲೈಟ್, ಮತ್ತೆ ವಾಪಸ್. ಸ್ಟಾರ್ಟ್ ಮಾಡಲು ಖರ್ಚಾದದ್ದು ತುಂಬೋದೇ ಇಲ್ಲ. ಚಳಿಗಾಲದ ಬೆಳಿಗ್ಗೆ ಇಲ್ಲಿ ಒಮ್ಮೊಮ್ಮೆ 10 ಡಿಗ್ರಿ ಹತ್ತಿರಕ್ಕೆ ಇಳಿಯುತ್ತಲ್ವಾ, ಆಗ ಬ್ಯಾಟರಿಯ ಕಸುವೂ ಕಡಿಮೆ, ಎಂಜಿನ್ ಆಯಿಲ್ಲೂ ಗಟ್ಟಿ. ಎಂಜಿನ್ ಓಡುವಾಗ 13.8ರಿಂದ 14.5 ಬರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿಸಬೇಕು.

ಬ್ಯಾಟರಿ ತುಂಬಿದ್ದರೆ ಸೆಲ್ಫ್ ಹೊಡೆಯುವಾಗ ಅಳೆಯಿರಿ. ಮೀಟರಿನ ಕಡ್ಡಿಗಳನ್ನು ಕ್ಲಾಂಪಿಗೆ ಮುಟ್ಟಿಸಬೇಡಿ, ಬ್ಯಾಟರಿಯ ಸೀಸದ ಗೂಟಕ್ಕೇ ಮುಟ್ಟಿಸಿ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲಾ ಸೆಲ್ಫ್ ಎಲ್ಲೋ ಬಿಗಿಯಾಗಿ ಮಿತಿಮೀರಿ ಎಳೆಯುತ್ತಿದೆ. 11ಕ್ಕಿಂತ ಮೇಲೇ ನಿಂತು ಎಂಜಿನ್ ಮಾತ್ರ ನಿಧಾನ ಅಂದರೆ ಬಹುಶಃ ಕರೆಂಟ್ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದೆ. ನಿಮ್ಮ ವಿವರಣೆ ಓದಿದರೆ ನನಗೆ ಇದೇ ಅನುಮಾನ.

ಮುಂದಿನದು ಅಸಲಿ ಪರೀಕ್ಷೆ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಕೆಂಪು ಕಡ್ಡಿ ಎಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ. ಸೆಲ್ಫ್ ಹೊಡೆಯಿರಿ. 0.2 ತನಕ ಬಂದರೆ ಅರ್ತ್ ಚೆನ್ನಾಗಿದೆ. 0.5 ದಾಟಿದರೆ ಅಲ್ಲೇ ಕಳ್ಳ ಇದ್ದಾನೆ. ಆಮೇಲೆ ಪ್ಲಸ್ ಗೂಟದಿಂದ ಸೆಲ್ಫ್ ಮೋಟಾರಿನ ದಪ್ಪ ವೈರ್ ಕೂತಿರುವ ಬೋಲ್ಟಿಗೆ ಹೀಗೇ ಅಳೆಯಿರಿ. ಅಲ್ಲೂ 0.5ರೊಳಗೆ ಇರಬೇಕು. ಎರಡೂ ಕಡೆ ಸರಿ, ಬ್ಯಾಟರಿಯೂ ಸರಿ, ಆದರೂ ಗೊರ್ ಗೊರ್ ಅಂದರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜ. ಆಗಲೂ ಹೊಸ ಸೆಲ್ಫೇ ಬೇಕಿಲ್ಲ. ಎಷ್ಟೋ ಸಲ ಬ್ರಷ್, ಬುಶ್ ಹಾಕಿದರೆ ಸಾಕು.

ಮೀಟರ್ ಸಿಗದಿದ್ದರೆ ವಿರಾಜಪೇಟೆಯವರು ಮಾಡಿದ ಜಂಪರ್ ಕೇಬಲ್ ಉಪಾಯವೇ ಸಾಕು. ಮೈನಸ್‌ನಿಂದ ಎಂಜಿನ್ನಿಗೆ, ಅಷ್ಟೇ. ಅದನ್ನು ಮರೆತೂ ಪ್ಲಸ್‌ಗೆ ಕಚ್ಚಿಸಬೇಡಿ.

ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಇದ್ದರೆ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಅಡುಗೆ ಸೋಡಾ ಕಲಸಿದ ಬಿಸಿನೀರು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ. ಹಾಕುವಾಗ ಪ್ಲಸ್ ಮೊದಲು. ಮೇಲೆ ಸ್ವಲ್ಪ ವ್ಯಾಸಲೀನ್. ಪಕ್ಕದಲ್ಲಿ ಯಾರೂ ಬೀಡಿ ಸೇದದಿರಲಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ.

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಮೋಟಾರ್ ಸುಟ್ಟುಹೋಗುತ್ತದೆ. ಹಾಗೇ ಇನ್ನೊಂದು ಮಾತು. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆ ಮೇಲೆ ನೀರು ನಿಲ್ಲುವ ಹಾಗೆ ಎಲ್ಲಾದರೂ ಆಳದ ನೀರಿಗೆ ಕಾರು ಇಳಿಸಿದ ಮೇಲೆ ಇದು ಶುರುವಾಗಿದ್ದರೆ, ಸೆಲ್ಫ್ ಹೊಡೆಯಲೇಬೇಡಿ. ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಎಂಜಿನ್ ಒಳಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಬಹುದು, ಆಗ ಖರ್ಚು ಬೇರೆಯೇ ಮಟ್ಟದ್ದು. ಸ್ಪಾರ್ಕ್ ಪ್ಲಗ್ ತೆಗೆಸಿ ನೋಡಿಸಿ.

ಅಳೆದ ಮೇಲೆ ಎರಡು ಅಂಕಿ ಇಲ್ಲಿ ಬರೆಯಿರಿ: ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ ಎಷ್ಟು, ಮೈನಸ್‌ನಿಂದ ಎಂಜಿನ್ನಿಗೆ ಎಷ್ಟು. ಅಲ್ಲಿವರೆಗೆ ಸೆಲ್ಫ್ ಬಿಚ್ಚೋದು ಬೇಡ ಅಂತ ನಿಮ್ಮ ಮೆಕ್ಯಾನಿಕ್‌ಗೆ ಹೇಳಿ.