ರೋಂಶಾಂ ಚಾಪೆಲ್: ಜಾಗ ಹಳೆಯದು, ಕಟ್ಟಡ ಹೊಸದು

ಫ್ರಾನ್ಸಿನ ರೋಂಶಾಂ ಗುಡ್ಡದ ಚಾಪೆಲ್ (ಚಿಕ್ಕ ಚರ್ಚು) ಅಷ್ಟು ಹಳೆಯ ಯಾತ್ರಾಸ್ಥಳವಾದರೆ ಕಟ್ಟಡ ಯಾಕೆ ಹೊಸದಾಗಿ ಕಾಣುತ್ತದೆ ಅಂತ ಕೇಳಿದ್ದೀರಿ. ಮಧ್ಯಯುಗದಿಂದಲೂ ಜನ ಮೇರಿ ಮಾತೆಗೆ ಹರಕೆ ಹೊತ್ತು ಆ ಗುಡ್ಡ ಹತ್ತುತ್ತಿದ್ದರು. 1913ರಲ್ಲಿ ಸಿಡಿಲು ಬಡಿದು ಚಾಪೆಲ್ ಸುಟ್ಟಿತು. ಮತ್ತೆ ಕಟ್ಟಿದ್ದನ್ನು 1944ರ ಯುದ್ಧ ಕೆಡವಿತು. ಈಗಿರುವುದು ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಟ್ಟಿದ್ದು, 1955ರದು. ಹಾಗಂತ ಹಳೆಯದೆಲ್ಲ ಹೋಯಿತು ಅನ್ನಬೇಡಿ. ಬಿದ್ದ ಚಾಪೆಲಿನ ಕಲ್ಲುಗಳೇ ಈ ಬಿಳಿ ಗೋಡೆಗಳ ಒಳಗಿವೆ! ಪೂರ್ವದ ಗೋಡೆಯಲ್ಲಿ ಗಾಜಿನ ಗೂಡಿದೆ ನೋಡಿ, ಅದರಲ್ಲಿರುವ ಮಾತೆಯ ಮರದ ಮೂರ್ತಿಯೂ ಹಳೆಯದೇ. ನನಗೆ ಜಾಸ್ತಿ ಇಷ್ಟವಾಗುವುದು ಅದೇ. ಸೆಪ್ಟೆಂಬರ್ 8ರ ಯಾತ್ರೆಗೆ ಜನ ಒಳಗೆ ಹಿಡಿಸುವುದಿಲ್ಲ, ಪೂಜೆ ಹೊರಗೆ ಬಯಲಲ್ಲೇ ನಡೆಯುತ್ತದೆ. ಆಗ ಮೂರ್ತಿಯನ್ನು ಹೊರಗಿನವರ ಕಡೆ ತಿರುಗಿಸಬಹುದು.