ಪಟ್ಟಿಯಲ್ಲಿ ಇಲ್ಲದ ಹೆಸರುಗಳು

ಹಾವೇರಿಯ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: 'ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ವರ್ಷ. ಸ್ವಸಹಾಯ ಸಂಘಗಳ ಮೇಲೆ ಪ್ರಬಂಧ ಬರೆಯಲು ಒಂದು ಸೇವಾ ಸಂಸ್ಥೆಯಲ್ಲಿ ವಾರಕ್ಕೆರಡು ದಿನ ಕ್ಷೇತ್ರಕಾರ್ಯ. ಯಾರನ್ನು ಮಾತನಾಡಿಸಬೇಕೆಂಬ ಪಟ್ಟಿಯನ್ನು ಸಂಸ್ಥೆಯವರೇ ಕೊಟ್ಟರು. ಅದರಲ್ಲಿ ಎಲ್ಲರೂ ಸಂಘ ಸೇರಿ ಗೆದ್ದವರೇ. ಉಳಿದ ಹೊತ್ತೆಲ್ಲ ಅವರ ಕಂಪ್ಯೂಟರಿಗೆ ಅಂಕಿ ತುಂಬಿದೆ. ಮಾರ್ಗದರ್ಶಕರು ನೂರು ಪ್ರಶ್ನಾವಳಿ ನಮೂನೆ ತುಂಬಿಸಿ ತಾ ಎನ್ನುತ್ತಾರೆ. ಇದು ಸಂಶೋಧನೆಯೇ?'

ನಿಮಗೆ ಸಿಟ್ಟು ಬಂದಿರುವುದು ಸರಿಯಾದ ಜಾಗದಲ್ಲೇ. ಗೆದ್ದವರನ್ನಷ್ಟೇ ಕೇಳಿದರೆ ಸಂಘ ಗೆದ್ದಿತೆಂದೇ ಉತ್ತರ ಬರುತ್ತದೆ. ನೂರರ ಬದಲು ಸಾವಿರ ನಮೂನೆ ತುಂಬಿಸಿದರೂ ಆ ಓರೆ ನೆಟ್ಟಗಾಗದು.

ಸಂಘ ಬಿಟ್ಟವರನ್ನೂ ಕೇಳಬೇಕು. ಅವರನ್ನು ಹುಡುಕಲು ಸಂಸ್ಥೆಯ ಪಟ್ಟಿಯೇ ಬೇಕಿಲ್ಲ. ಮೈರಾಡದಂಥ ಸೇವಾ ಸಂಸ್ಥೆಗಳು ಎಂಬತ್ತರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಕಟ್ಟಿದ ಇಂಥ ಗುಂಪುಗಳನ್ನು ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಬ್ಯಾಂಕುಗಳಿಗೆ ಜೋಡಿಸತೊಡಗಿತು. ಸಾಲ ಕೊಡುವ ಬ್ಯಾಂಕು ಪುಸ್ತಕ ಕೇಳುತ್ತದೆ. ಹಾಗಾಗಿ ಸಂಘದಲ್ಲಿ ಠರಾವು, ಹಾಜರಿ, ಉಳಿತಾಯ, ಸಾಲದ ಲೆಕ್ಕ ಇರಲೇಬೇಕು. ಆ ಪುಸ್ತಕಗಳು ಸಂಘದ ಹೆಣ್ಣುಮಕ್ಕಳ ಸ್ವತ್ತು, ಅವರನ್ನೇ ಕೇಳಿ. ಹಾಜರಿ ತೆರೆದರೆ ಹದಿನೈದು ಹೆಸರು, ಎದುರಿಗೆ ಸಹಿ, ಹೆಬ್ಬೆಟ್ಟು. ಒಂದು ಹೆಸರಿನ ಮುಂದೆ ಮೂರು ವಾರ ಖಾಲಿ, ನಾಲ್ಕನೆಯ ವಾರ ದಂಡ, ಆಮೇಲೆ ಹೆಸರಿನ ಮೇಲೊಂದು ಗೀಟು. ಆ ಗೀಟು ಏಕೆ ಬಿತ್ತು ಎಂಬುದೇ ನಿಮ್ಮ ವಿಷಯ.

ಹೆಸರು ಸಿಕ್ಕಿತೆಂದು ನೇರ ಬಾಗಿಲು ತಟ್ಟಬೇಡಿ. ಸಾಲ ಕಟ್ಟಲಾಗದೆ ಹೊರಬಂದವರಿಗೆ ಅದು ಮಾನದ ಪ್ರಶ್ನೆ. ಹೆಸರು ಮರೆಸಿ 'ಹೊಲಿಗೆ ಮಾಡುವ ವಿಧವೆ' ಎಂದು ಬರೆದಿರಿ ಅನ್ನಿ. ಊರಿನಲ್ಲಿ ಅಂಥವರು ಒಬ್ಬರೇ ಇದ್ದರೆ ಮರೆಸಿದ್ದೇನು? ಮೇಲಾಗಿ ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವ ಕಾಲವಾದರೆ ದಿನವೆಲ್ಲ ಹೊಲದಲ್ಲೇ. ಅವರು ಹೊಲದಿಂದ ಮನೆಗೆ ಬರುವ ಹೊತ್ತಿಗೆ ನಿಮ್ಮ ಬಸ್ ಹೊರಟಿರುತ್ತದೆ. ಒಂದೆರಡು ರಾತ್ರಿ ಊರಿನಲ್ಲಿ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ.

ಸಂಸ್ಥೆಯವರ ಮೇಲೆ ಅಷ್ಟು ಮುನಿಯಬೇಡಿ. ಮಾರ್ಚ್ ಬಂದರೆ ಅವರಿಗೆ ಅನುದಾನದ ಲೆಕ್ಕ ಒಪ್ಪಿಸುವ ಒತ್ತಡ. ಸೋಲನ್ನು ತೋರಿಸಿದರೆ ಮುಂದಿನ ಅನುದಾನ ನಿಂತೀತೆಂಬ ಭಯ ಬೇರೆ. ನನಗೆ ಬೇಸರವಿರುವುದು ಕಾಲೇಜುಗಳ ಮೇಲೆ. ಸಂಸ್ಥೆ ಏನನ್ನು ತೋರಿಸಬೇಕು, ವಿದ್ಯಾರ್ಥಿ ಏನನ್ನು ಮರಳಿ ಕೊಡಬೇಕು ಎಂದು ಮೊದಲ ದಿನ ಕುಳಿತು ಮಾತನಾಡದೆ, ಒಂದು ಪತ್ರ ಕೈಗಿಟ್ಟು ಕಳಿಸಿಬಿಡುತ್ತಾರೆ.

ಮಾರ್ಗದರ್ಶಕರನ್ನು ಕೇಳಿ ನೋಡಿ: ನೂರರ ಬದಲು ಅರವತ್ತು ನಮೂನೆ, ಜೊತೆಗೆ ಸಂಘ ಬಿಟ್ಟ ಐದಾರು ಮಂದಿಯ ಮಾತು. ಪಟ್ಟಿ ಕೊಟ್ಟವರು ಯಾರೆಂಬುದನ್ನು ವಿಧಾನದ ಅಧ್ಯಾಯದಲ್ಲಿ ಮುಚ್ಚಿಡದೆ ಬರೆಯಿರಿ. ಪ್ರಬಂಧ ಒಪ್ಪಿಸುವ ಮೊದಲು ಸಂಘದ ವಾರದ ಸಭೆಯಲ್ಲಿ ಕುಳಿತು ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

– ಸಂಪಾದಕ