ಓಡದ ದಿನ ಏನಾಗುತ್ತದೆ?

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಆಪ್ತಸಲಹೆಗಾರ್ತಿ; ಬರೆಯಲು, ನನ್ನ ಬಳಿ ಸಲಹೆಗೆ ಬಂದ ಆಕೆಯ ಒಪ್ಪಿಗೆ ಇದೆ.)

ಮೊದಲು ಫೋನ್ ಮಾಡಿದವರು ಗಂಡ. “ನಮ್ಮನೆಯವಳಿಗೆ ಓಟದ ಹುಚ್ಚು ಹತ್ತಿಬಿಟ್ಟಿದೆ ಮೇಡಂ. ನೀವೊಂದು ಮಾತು ಹೇಳಿದ್ರೆ ಬಿಡ್ತಾಳೇನೋ.” ಯಾರಿಂದಲೂ ಏನನ್ನೂ ಬಿಡಿಸುವ ಗುತ್ತಿಗೆ ನಾನು ಹಿಡಿಯುವುದಿಲ್ಲ, ಅವರಿಗೇ ಬರಬೇಕೆನ್ನಿಸಿದರೆ ಬರಲಿ ಎಂದೆ. ಮುಂದಿನ ವಾರ ಆಕೆಯೇ ಸಮಯ ಕೇಳಿಕೊಂಡು ಬಂದರು.

ವಯಸ್ಸು 39. ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಮಗಳು ಏಳನೇ ತರಗತಿ. ಓಡಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಒಂದು ಫುಲ್ ಮ್ಯಾರಥಾನನ್ನು (42.195 ಕಿಲೋಮೀಟರಿನ ಓಟ) 4 ಗಂಟೆ 52 ನಿಮಿಷದಲ್ಲಿ ಮುಗಿಸಿದ್ದರು. ಎರಡನೆಯದಕ್ಕೆ ಏಳು ವಾರ ಬಾಕಿ. ಈ ಸಲ ನಾಲ್ಕೂವರೆ ಗಂಟೆಯೊಳಗೆ ಮುಗಿಸಬೇಕು, ಅಂದರೆ ಒಂದೊಂದು ಕಿಲೋಮೀಟರೂ 6 ನಿಮಿಷ 24 ಸೆಕೆಂಡಿನಲ್ಲಿ ಆಗಬೇಕು ಎಂದು ಕೂತ ತಕ್ಷಣ ಲೆಕ್ಕ ಒಪ್ಪಿಸಿದರು.

ಬ್ಯಾಗಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಹದಿನೆಂಟು ವಾರಗಳ ತರಬೇತಿಯ ಚಾರ್ಟ್. ಮಂಗಳವಾರ ವೇಗದ ಓಟ, ಗುರುವಾರ ಟೆಂಪೋ (ತುಸು ವೇಗದ, ಒಂದೇ ಗತಿಯ ಓಟ), ಭಾನುವಾರ ಲಾಂಗ್ ರನ್ (ದೂರದ ಓಟ), ನಡುವೆ ಹಗುರ ಓಟಗಳು. ಓಡಿ ಮುಗಿಸಿದ ಚೌಕಕ್ಕೆ ಹಸಿರು ಬಣ್ಣ, ತಪ್ಪಿಸಿದ್ದಕ್ಕೆ ಕೆಂಪು. ಹಾಳೆಯಲ್ಲಿ ಕೆಂಪು ಚೌಕ ಒಂದೂ ಇರಲಿಲ್ಲ. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ‘ವಿಶ್ರಾಂತಿ’ ಎಂದು ಅಚ್ಚಾಗಿದ್ದ ಸೋಮವಾರಗಳಲ್ಲೂ ಅರ್ಧಕ್ಕರ್ಧ ಹಸಿರಾಗಿದ್ದವು.

ದಿನಚರಿ ಕೇಳಿದೆ. ನಾಲ್ಕೂವರೆಗೆ ಏಳುವುದು. ಮನೆಯವರ ನಿದ್ದೆ ಕೆಡದಿರಲೆಂದು ಶೂ ಕೈಯಲ್ಲಿ ಹಿಡಿದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಲೇಸ್ ಕಟ್ಟುವುದು. ಫುಟ್‌ಪಾತ್ ನಂಬುವ ಹಾಗಿಲ್ಲ, ಬಸ್ಸುಗಳು ಇಳಿಯುವ ಮೊದಲು ರಸ್ತೆಯ ಅಂಚಿನಲ್ಲೇ ಓಡಿ ಮುಗಿಸಬೇಕು. ಆರೂಕಾಲಿಗೆ ವಾಪಸ್, ಅಲ್ಲಿಂದ ಅಡುಗೆಮನೆ, ಡಬ್ಬಿ, ಟ್ರಾಫಿಕ್, ಆಫೀಸು. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ಬೆಳಗ್ಗೆ ಏಳಲಾಗದಿದ್ದರೆ ರಾತ್ರಿ.

ಆ ರಾತ್ರಿಗಳಲ್ಲೊಂದನ್ನು ಆಕೆ ನಗುತ್ತಲೇ ಹೇಳತೊಡಗಿದರು. ಮನೆಗೆ ಬಂದಾಗ ಹತ್ತೂವರೆ, ಚಾರ್ಟಿನಲ್ಲಿ ಹತ್ತು ಕಿಲೋಮೀಟರ್ ಬಾಕಿ, ಹೊರಗೆ ಮಳೆ. ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿದು ಕಂಬಗಳ ಸುತ್ತ ಓಡಿದರು. ನೆಲದಡಿಯಲ್ಲಿ ಜಿಪಿಎಸ್ ಸಿಗದು, ಕೈ ಬೀಸುವ ಲೆಕ್ಕದ ಮೇಲೆ ವಾಚು ಏನೋ ಒಂದು ಅಂದಾಜು ತೋರಿಸುತ್ತದೆ. ಅದು 9.4 ತೋರಿಸುವಾಗ ಮಗಳು ಹುಡುಕಿಕೊಂಡು ಲಿಫ್ಟಿನಲ್ಲಿ ಇಳಿದು ಬಂದಳಂತೆ. “ಅಮ್ಮಾ, ಸಾಕು ಬಾ.” “ಇನ್ನೊಂದು ಆರುನೂರು ಮೀಟರ್ ಪುಟ್ಟಾ.” ಮಗು ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ, ರಾತ್ರಿಯುಡುಪಿನಲ್ಲಿ, ತೂಕಡಿಸುತ್ತ ಕೂತಿತು. ಇಲ್ಲಿಗೆ ಬರುವಷ್ಟರಲ್ಲಿ ಆಕೆಯ ನಗು ನಿಂತಿತ್ತು.

ಮಾತಿನುದ್ದಕ್ಕೂ ಅವರ ಬಲಗೈ ಆಗಾಗ ಎಡಗಾಲಿನ ಮೊಣಕಾಲ ಕೆಳಗೆ ಹೋಗಿ, ಒಳಬದಿಯ ಮೂಳೆಯ ಮೇಲೆ ಒಂದೇ ಜಾಗವನ್ನು ಹೆಬ್ಬೆರಳಿನಿಂದ ಒತ್ತುತ್ತಿತ್ತು. ಕೇಳಿದೆ. “ಶಿನ್ ಸ್ಪ್ಲಿಂಟ್ ಅಷ್ಟೇ ಮೇಡಂ, ಓಡೋರಿಗೆಲ್ಲ ಇರುತ್ತೆ.” (ಓಟದಿಂದ ಮೊಣಕಾಲ ಕೆಳಗಿನ ಮೂಳೆಯ ಗುಂಟ ಬರುವ ನೋವು.) ಎಷ್ಟು ದಿನದಿಂದ? ಮೂರು ವಾರ. ಫಿಸಿಯೋಗೆ ತೋರಿಸಿದಿರಾ? “ತೋರಿಸಿದ್ರೆ ಓಡಬೇಡಿ ಅಂತಾರಲ್ಲ.” ಊಟ, ನಿದ್ದೆ, ಮುಟ್ಟು ಇವುಗಳನ್ನು ನಾನು ಎಲ್ಲ ಮಹಿಳೆಯರಿಗೂ ಕೇಳುತ್ತೇನೆ. ಮೈ ಹಗುರವಾದರೆ ವೇಗ ಬರುತ್ತದೆಂದು ರಾತ್ರಿಯೂಟ ಬಹುಪಾಲು ಬಿಟ್ಟಿದ್ದರು. ಮುಟ್ಟು ನಿಂತು ಐದು ತಿಂಗಳಾಗಿತ್ತು. “ನಲವತ್ತು ಹತ್ತಿರ ಬಂತಲ್ಲ, ಅದಕ್ಕಿರಬೇಕು” ಅಂದುಕೊಂಡಿದ್ದರಂತೆ.

ನಾನು ಡಾಕ್ಟರಲ್ಲ. ಆದರೆ ಓಡುವವರ ಜೊತೆ ಕೆಲಸ ಮಾಡುವ ಯಾವ ಆಪ್ತಸಲಹೆಗಾರರೂ ಈ ಎರಡು ಸಂಗತಿಗಳನ್ನು ಒಟ್ಟಿಗೆ ಕೇಳಿಸಿಕೊಂಡು ಸುಮ್ಮನಿರಬಾರದು. ಶಿನ್ ಸ್ಪ್ಲಿಂಟ್ ನೋವು ಸಾಮಾನ್ಯವಾಗಿ ಮೂಳೆಯ ಉದ್ದಕ್ಕೆ ಹರಡಿಕೊಂಡಿರುತ್ತದೆ, ಮೈ ಬಿಸಿಯಾದ ಮೇಲೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಒಂದೇ ಬೆರಳಿನಲ್ಲಿ ತೋರಿಸಬಹುದಾದ, ಓಡಿದಷ್ಟೂ ಹೆಚ್ಚುವ ನೋವು ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುವುದರ ಲಕ್ಷಣವಿರಬಹುದು. ಖರ್ಚು ಮಾಡುವಷ್ಟು ಶಕ್ತಿಯನ್ನು ಊಟದಲ್ಲಿ ತುಂಬಿಕೊಳ್ಳದಿದ್ದರೆ ದೇಹ ಮೊದಲು ಸಂತಾನಕ್ಕೆ ಸಂಬಂಧಿಸಿದ ಹಾರ್ಮೋನುಗಳಿಗೆ ಕತ್ತರಿ ಹಾಕುತ್ತದೆ. ಈಸ್ಟ್ರೋಜನ್ ಇಳಿದರೆ ಮೂಳೆ ಸೊರಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಎಂಬ ಹೆಸರು ಕೊಟ್ಟು, ಇದು ಹೆಂಗಸರಿಗೆ ಮಾತ್ರವಲ್ಲ ಗಂಡಸರಿಗೂ ಬರುತ್ತದೆಂದು ಹೇಳಿತು. ಪದಕ ಗೆಲ್ಲುವವರಿಗಷ್ಟೇ ಬರುವ ತೊಂದರೆಯೆಂದು ಹವ್ಯಾಸಿಗಳು ತಿಳಿದಿರುತ್ತಾರೆ. ಆಫೀಸು, ಅಡುಗೆ, ಐದು ಗಂಟೆಯ ನಿದ್ದೆಯ ಮೇಲೆ ವಾರಕ್ಕೆ ಅರುವತ್ತು ಕಿಲೋಮೀಟರ್ ಓಡುವವರಿಗೆ ಬಾರದೇ ಇರುತ್ತದೆಯೇ?

ಹಾಗಾಗಿ ಮೊದಲ ಭೇಟಿಯಲ್ಲಿ ಕೊಟ್ಟ ಸಲಹೆ ಒಂದೇ: ಇವತ್ತಿನಿಂದ ಓಟ ನಿಲ್ಲಿಸಿ, ಕ್ರೀಡಾ ವೈದ್ಯರನ್ನೂ ಸ್ತ್ರೀರೋಗ ತಜ್ಞರನ್ನೂ ನೋಡಿ, ಮನಸ್ಸಿನ ಮಾತು ಆಮೇಲೆ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ (ಆರಂಭದ ವಾರಗಳಲ್ಲಿ ಎಷ್ಟೋ ಸಲ ಕಾಣುವುದಿಲ್ಲ). ಎಂಆರ್‌ಐಯಲ್ಲಿ ಬಿರುಕು ಸಿಕ್ಕಿತು. ಎಂಟು ವಾರ ಓಟ ಬಂದ್. ಏಳು ವಾರದಾಚೆಯ ಮ್ಯಾರಥಾನ್ ಅಲ್ಲಿಗೆ ಮುಗಿಯಿತು.

ಎರಡನೇ ಭೇಟಿಗೆ ಬಂದಾಗ ಬಹಳ ಹೊತ್ತು ಅತ್ತರು. ನನ್ನ ಮೇಲೆ ಸಿಟ್ಟೂ ಇತ್ತು. “ನಲವತ್ತೆರಡು ಮುಗಿಸದಿದ್ರೆ ಇಷ್ಟು ದಿನ ಎದ್ದಿದ್ದೆಲ್ಲ ದಂಡ.” ಆ ದೂರದ ಕತೆಯನ್ನು ಅವರಿಗೆ ಹೇಳಿದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಮನೆತನದ ಆಸನಗಳ ಮುಂದೆ ಮುಗಿಯುವಂತೆ ಹಾಕಿದ ದಾರಿಯ ಉದ್ದ 42.195 ಕಿಲೋಮೀಟರ್. 1921ರಲ್ಲಿ ಅದನ್ನೇ ಅಧಿಕೃತ ಮಾಡಿದರು. ಅದಕ್ಕೂ ಮೊದಲಿನ ಒಲಿಂಪಿಕ್ಸ್‌ಗಳಲ್ಲಿ ದೂರ ಬೇರೆಬೇರೆಯೇ ಇತ್ತು. ಆಕೆಗೆ ಸಮಾಧಾನವಾಗಲಿಲ್ಲ, ಆಗಬೇಕೆಂದೂ ಇರಲಿಲ್ಲ. ಆದರೆ ಕಣ್ಣೊರೆಸಿಕೊಂಡು, “ಯಾರೋ ರಾಜರು ಕೂತಿದ್ದ ಜಾಗಕ್ಕೆ ನನ್ನ ಕಾಲು ಮುರಿದುಕೊಂಡ್ನಾ?” ಎಂದರು. ಹಾಸ್ಯ ಬಂತಲ್ಲ, ಇನ್ನು ಕೆಲಸ ಮಾಡಬಹುದು ಅನ್ನಿಸಿತು.

ಇದು ವ್ಯಸನವೇ ಎಂಬ ಪ್ರಶ್ನೆ ಗಂಡನಿಗಿತ್ತು, ಆಕೆಗೂ ಒಳಗೊಳಗೇ ಇತ್ತು. ಹಳೆಯ ಪ್ರಶ್ನೆ ಇದು. 1970ರಲ್ಲಿ ಬೇಕ್‌ಲ್ಯಾಂಡ್ ಎಂಬ ಸಂಶೋಧಕ, ವ್ಯಾಯಾಮ ನಿಲ್ಲಿಸಿದರೆ ನಿದ್ದೆ ಏನಾಗುತ್ತದೆಂದು ನೋಡಲು ಹೊರಟಾಗ, ದಿನನಿತ್ಯ ವ್ಯಾಯಾಮ ಮಾಡುವವರು ಹಣ ಕೊಡುತ್ತೇನೆಂದರೂ ಒಂದು ತಿಂಗಳು ನಿಲ್ಲಿಸಲು ಒಪ್ಪಲಿಲ್ಲ. ವಾರಕ್ಕೆ ಮೂರು ನಾಲ್ಕು ದಿನ ಮಾಡುವವರನ್ನೇ ಹಿಡಿದು ಅಧ್ಯಯನ ಮುಗಿಸಬೇಕಾಯಿತು. 1979ರಲ್ಲಿ ಮಾರ್ಗನ್ ಎಂಬ ಮನಶ್ಶಾಸ್ತ್ರಜ್ಞ ವ್ಯಸನದ ಗೆರೆ ಎಳೆದದ್ದು ಬೇರೆ ಕಡೆ: ವೈದ್ಯರು ಬೇಡವೆಂದರೂ, ಸಂಸಾರ ಮತ್ತು ಕೆಲಸಕ್ಕೆ ಪೆಟ್ಟಾಗುತ್ತಿದ್ದರೂ ಓಡುತ್ತಲೇ ಇರುವುದು, ಓಡದಿದ್ದರೆ ಚಡಪಡಿಸುವುದು. 2013ರ ಡಿಎಸ್‌ಎಂ-5 ಎಂಬ, ಮಾನಸಿಕ ಕಾಯಿಲೆಗಳನ್ನು ಪಟ್ಟಿ ಮಾಡುವ ಅಮೆರಿಕದ ಕೈಪಿಡಿಯಲ್ಲಿ, ವ್ಯಸನಗಳ ಸಾಲಿನಲ್ಲಿ ಜೂಜಿಗೆ ಜಾಗ ಸಿಕ್ಕಿದೆ, ವ್ಯಾಯಾಮಕ್ಕೆ ಸಿಕ್ಕಿಲ್ಲ. ನಾನು ವ್ಯಸನ ಎಂಬ ಹಣೆಪಟ್ಟಿಯನ್ನು ಅಷ್ಟು ಸುಲಭವಾಗಿ ಹಚ್ಚುವುದಿಲ್ಲ. ವಾರಕ್ಕೆ ಎಷ್ಟು ಕಿಲೋಮೀಟರ್ ಓಡುತ್ತಾರೆ ಎನ್ನುವುದರಿಂದ ನನಗೆ ಹೆಚ್ಚೇನೂ ತಿಳಿಯದು. ಓಡದ ದಿನ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿದರೆ ಬಹಳಷ್ಟು ತಿಳಿಯುತ್ತದೆ.

ಈಗ ಓಡದ ದಿನಗಳು ಬೇಕಾದಷ್ಟಿದ್ದವು. ಬೆಳಗಿನ ಆ ಹೊತ್ತಿನಲ್ಲಿ ಏನಾಗುತ್ತದೆಂದು ಬರೆದುಕೊಂಡು ಬನ್ನಿ ಎಂದೆ. ಬರೆದು ತಂದರು. ಅಭ್ಯಾಸಬಲದಿಂದ ನಾಲ್ಕೂವರೆಗೆ ಎಚ್ಚರ. ಐದಕ್ಕೆ ಬಟ್ಟೆ ನೆನೆಸಿದ್ದು. ಐದೂಕಾಲಿಗೆ ಗಂಡ, “ಎದ್ದೇ ಇದ್ದೀಯಲ್ಲ, ಹಾಗೇ ನನ್ನ ಶರ್ಟಿಗೊಂದು ಇಸ್ತ್ರಿ ಹಾಕು.” ಐದೂವರೆಗೆ ಮಗಳ ಪ್ರಾಜೆಕ್ಟು. ಆರಕ್ಕೆ ಎಲ್ಲರ ಮೇಲೂ ರೇಗಾಟ. ಓದಿ ಮುಗಿಸಿ, ಹಾಳೆ ಮಡಚುತ್ತ ಒಂದು ಮಾತು ಹೇಳಿದರು: “ಓಡಕ್ಕೆ ಹೋಗ್ತೀನಿ ಅಂದ್ರೆ ಯಾರೂ ಏನೂ ಕೇಳಲ್ಲ ಮೇಡಂ. ಸುಮ್ನೆ ಕೂತಿದ್ರೆ ಕೇಳ್ತಾರೆ.”

ಈ ಪ್ರಕರಣದ ಗಂಟು ಇಲ್ಲೇ ಇತ್ತು. ಓಟ ಆಕೆಗೆ ಇಷ್ಟವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಮನೆಯಲ್ಲಿ ಆಕೆಯ ಸಮಯ ಆಕೆಯದೇ ಆಗಲು ಇದ್ದ ಒಂದೇ ಪರವಾನಗಿಯೂ ಅದೇ ಆಗಿತ್ತು. ಬೆವರು, ನೋವು, ಮೆಡಲ್ ತೋರಿಸಿ ಅದನ್ನು ನವೀಕರಿಸುತ್ತಿರಬೇಕು. ವಿಶ್ರಾಂತಿಯ ದಿನವೆಂದರೆ ಪರವಾನಗಿ ರದ್ದಾದ ದಿನ. ಸೋಮವಾರದ ಚೌಕಗಳೇಕೆ ಹಸಿರಾದವು ಎಂದು ಇನ್ನು ಬೇರೆ ಹೇಳಬೇಕಿಲ್ಲ. ಇಂಥವರಿಗೆ ‘ಸ್ವಲ್ಪ ಕಡಿಮೆ ಓಡಿ’ ಎಂದು ಬುದ್ಧಿ ಹೇಳುವುದು ನಿರುಪಯುಕ್ತ.

ಮೂರನೇ ಭೇಟಿಗೆ ಗಂಡನನ್ನೂ ಕರೆಸಿದೆ. ಅವರ ದೂರು ಫೋನಿನಲ್ಲಿ ಹೇಳಿದ್ದಕ್ಕಿಂತ ಮೆತ್ತಗಿತ್ತು. ಶನಿವಾರ ಲಾಂಗ್ ರನ್ನಿಗೆಂದು ಒಂಬತ್ತಕ್ಕೇ ಮಲಗುತ್ತಾಳೆ, ಭಾನುವಾರ ಮಧ್ಯಾಹ್ನ ಸುಸ್ತಾಗಿ ಮಲಗುತ್ತಾಳೆ, “ನಾವಿಬ್ರು ಕೂತು ಮಾತಾಡಿದ್ದು ಯಾವಾಗ ಅಂತ್ಲೇ ನೆನಪಿಲ್ಲ.” ಹೆಂಡತಿ ಬರೆದ ಹಾಳೆಯನ್ನು ಅವರಿಗೆ ಓದಲು ಕೊಟ್ಟೆವು. ಇಸ್ತ್ರಿಯ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತರು. “ಅದು ನಾನು ಸುಮ್ನೆ ಹೇಳಿದ್ದು.” “ಹೌದು, ನೀವು ಸುಮ್ನೇ ಹೇಳಿದ್ದು. ನಾನು ಸುಮ್ನೆ ಮಾಡಿದ್ದು” ಎಂದರು ಆಕೆ.

ಸಲಹೆಗಳು ಒಂದೊಂದಾಗಿ ಇದರಿಂದಲೇ ಹುಟ್ಟಿದವು. ಬೆಳಗಿನ ಐದರಿಂದ ಆರು, ಓಟವಿರಲಿ ಬಿಡಲಿ, ಆಕೆಯದು. ಆ ಹೊತ್ತಿನಲ್ಲಿ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿದ್ದರೂ ಯಾರೂ ಕೆಲಸ ಹೇಳುವಂತಿಲ್ಲ. ಆಕೆ ಕೂಡ ಎದ್ದು ಬಟ್ಟೆ ನೆನೆಸುವಂತಿಲ್ಲ. ಎರಡನೆಯದೇ ಹೆಚ್ಚು ಕಷ್ಟವಾಗುತ್ತದೆಂದು ಮೊದಲೇ ಹೇಳಿದ್ದೆ, ಹಾಗೇ ಆಯಿತು. ವಾರದಲ್ಲಿ ಎರಡು ಬೆಳಗ್ಗೆ ಡಬ್ಬಿಯ ಜವಾಬ್ದಾರಿ ಗಂಡನದು. ಓಟ ಮತ್ತೆ ಶುರುವಾದ ಮೇಲೆ ಲಾಂಗ್ ರನ್ ಶನಿವಾರಕ್ಕೆ ಹೋಗಲಿ, ಭಾನುವಾರದ ಬೆಳಗು ಮನೆಗೆ ಉಳಿಯಲಿ. ವಾಚು ಬಿಸಾಡಬೇಕಿಲ್ಲ. ಆದರೆ ‘ಸತತ ಇಷ್ಟು ದಿನ’ ಎಂದು ಎಣಿಸುವ ಪರದೆಯನ್ನು ಮುಚ್ಚಿಡಿ, ಓಟದ ಗುಂಪಿನ ವಾಟ್ಸಾಪನ್ನು ಸದ್ಯಕ್ಕೆ ಮ್ಯೂಟ್ ಮಾಡಿ. ಇನ್ನೊಬ್ಬರ 32 ಕಿಲೋಮೀಟರಿನ ಸ್ಕ್ರೀನ್‌ಶಾಟ್ ನೋಡಿಕೊಂಡು ಮೂಳೆ ಕೂಡಿಸಿಕೊಳ್ಳುವುದು ಯಾರಿಗೂ ಕಷ್ಟ.

ಮುಂದಿನ ಚಾರ್ಟಿಗೆ ಒಂದು ಶರತ್ತು. ಯಾವ ಲಕ್ಷಣ ಕಂಡರೆ ಓಟ ನಿಲ್ಲಿಸುತ್ತೇನೆಂದು ಆರೋಗ್ಯವಾಗಿರುವಾಗಲೇ ಅದರ ತಲೆಬರಹದಲ್ಲಿ ಬರೆಯಬೇಕು: ಒಂದೇ ಜಾಗದ ನೋವು, ತಪ್ಪಿದ ಮುಟ್ಟು, ಅರ್ಧಕ್ಕೆ ಮುರಿಯುವ ನಿದ್ದೆ. ನೋವು ಬಂದ ಮೇಲೆ ಓಟಗಾರರು ಮಾಡುವ ತೀರ್ಮಾನವನ್ನು ನಾನು ನಂಬುವುದಿಲ್ಲ, ಅವರೂ ನಂಬಬಾರದು. ಹಗುರ ಓಟ ನಿಜಕ್ಕೂ ಹಗುರವಾಗಿರಲಿ, ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗದಿದ್ದರೆ ಅದು ಹಗುರವಲ್ಲ ಎಂಬುದನ್ನು ಫಿಸಿಯೋ ಕೂಡ ಹೇಳಿದರು. ರಾತ್ರಿಯೂಟದ ವಿಷಯವನ್ನು ಆಹಾರ ತಜ್ಞರಿಗೆ ಬಿಟ್ಟೆ.

ಮಗಳೊಂದಿಗೆ ಆ ಪಾರ್ಕಿಂಗ್ ರಾತ್ರಿಯ ಬಗ್ಗೆ ಮಾತಾಡುವುದೋ ಬೇಡವೋ ಎಂದು ಕೇಳಿದರು. ಮಾತಾಡಿ, ಆದರೆ ಕ್ಷಮೆ ಕೇಳಿ ಮಗುವಿನಿಂದ ಸಮಾಧಾನ ಹೇಳಿಸಿಕೊಳ್ಳಬೇಡಿ ಎಂದೆ. “ಅವತ್ತು ನೀನು ಕಾಯಬೇಕಾಯ್ತು, ಇನ್ನು ಹಾಗಾಗಲ್ಲ” ಎಂದಷ್ಟೇ ಹೇಳಿದರಂತೆ. “ಸರಿ ಅಮ್ಮ” ಎಂದು ಮಗು ಹೋಂವರ್ಕಿಗೆ ವಾಪಸಾಯಿತು.

ಎಲ್ಲವೂ ಚೆನ್ನಾಗಿ ಸಾಗಿತು ಎನ್ನಲಾರೆ. ಎಂಟು ವಾರದ ನಡುವೆ ಒಂದು ದಿನ ಆಕೆ ಯಾರಿಗೂ ಹೇಳದೆ ಓಡಿ, ನೋವು ತಿರುಗಿ ಬಂದು, ಇನ್ನೆರಡು ವಾರ ಕೂರಬೇಕಾಯಿತು. ಗಂಡ ಡಬ್ಬಿಯ ಸರದಿ ಮರೆಯುವುದು ಇನ್ನೂ ನಿಂತಿಲ್ಲ. ಮುಟ್ಟು ಮರಳಲು ಸುಮಾರು ನಾಲ್ಕು ತಿಂಗಳು ಹಿಡಿಯಿತು. ಈಗ ವಾರಕ್ಕೆ ನಾಲ್ಕು ದಿನ ಓಡುತ್ತಾರೆ, ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದಾರೆ. ಫುಲ್ ಓಡುವುದನ್ನು ಕ್ರೀಡಾ ವೈದ್ಯರು ಒಪ್ಪಿದ ಮೇಲೆ ನೋಡೋಣ ಎನ್ನುತ್ತಾರೆ. ನನ್ನ ಬಳಿ ಬರುವುದು ಎರಡು ತಿಂಗಳಿಗೊಮ್ಮೆ. ಕಳೆದ ಭೇಟಿಯಲ್ಲಿ ಓಟದ ಮಾತು ಐದು ನಿಮಿಷಕ್ಕೆ ಮುಗಿಯಿತು. ಉಳಿದದ್ದೆಲ್ಲ, ಸಂಜೆ ಏಳರ ಮೇಲೆ ಕೆಲಸ ಕಳಿಸುವ ಮೇಲಧಿಕಾರಿಗೆ ಇಲ್ಲ ಎನ್ನುವುದು ಹೇಗೆ ಎಂಬುದರ ಬಗ್ಗೆ.